ಗುದನಾಳ ಉಳಿಸಬಹುದೇ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಕರುಳಿನಲ್ಲಿ ಪಾಲಿಪ್‌ (ಒಳಪದರದ ಸಣ್ಣ ಗಂಟು) ಹುಟ್ಟಿಸುವ ಎಪಿಸಿ ಜೀನ್‌ ದೋಷ ನನ್ನಿಂದಲೇ ಬಂದಿದೆ. ಕೊಲೊನೋಸ್ಕೋಪಿಯಲ್ಲಿ ದೊಡ್ಡ ಕರುಳಿನ ತುಂಬ ನೂರಾರು ಪಾಲಿಪ್‌, ಗುದನಾಳದಲ್ಲಿ ಎಂಟು ಸಣ್ಣವು ಕಂಡಿವೆ. ಕ್ಯಾನ್ಸರ್‌ ಇಲ್ಲ. ಒಬ್ಬ ಡಾಕ್ಟರು ಗುದನಾಳ ಉಳಿಸೋಣ ಎನ್ನುತ್ತಾರೆ, ಇನ್ನೊಬ್ಬರು ಅದನ್ನೂ ತೆಗೆದು ಸಣ್ಣ ಕರುಳಿನಿಂದ ಪೌಚ್‌ (ಚೀಲ) ಮಾಡಬೇಕು ಎನ್ನುತ್ತಾರೆ. ಪಾಲಿಪ್‌ಗಳನ್ನಷ್ಟೇ ತೆಗೆಸಿದರೆ ಸಾಲದೇ?

ಉತ್ತರ: ಸಾಲದು. ಅಷ್ಟೊಂದು ಪಾಲಿಪ್‌ಗಳನ್ನು ಒಂದೊಂದಾಗಿ ತೆಗೆದು ಮುಗಿಸಲಾಗದು. ಹಾಗೇ ಬಿಟ್ಟರೆ ನಲವತ್ತು–ಐವತ್ತರ ಹೊತ್ತಿಗೆ ಕ್ಯಾನ್ಸರ್‌ ಬಹುತೇಕ ಖಚಿತ. ದೊಡ್ಡ ಕರುಳು ಹೋಗಲೇಬೇಕು. ತೀರ್ಮಾನಿಸಬೇಕಾದದ್ದು ಗುದನಾಳದ ವಿಷಯ.

ಅಲ್ಲಿ ಪಾಲಿಪ್‌ 20ಕ್ಕಿಂತ ಕಡಿಮೆಯಿದ್ದು, ಯಾವುದೂ 3 ಸೆಂ.ಮೀ. ಮೀರದೆ, ಬಯಾಪ್ಸಿಯಲ್ಲಿ ಕ್ಯಾನ್ಸರ್‌ನತ್ತ ಸಾಗುವ ತೀವ್ರ ಬದಲಾವಣೆ ಇಲ್ಲದಿದ್ದರೆ ಗುದನಾಳ ಉಳಿಸಿ ಸಣ್ಣ ಕರುಳನ್ನು ಅದಕ್ಕೆ ಜೋಡಿಸಬಹುದು. ದಿನಕ್ಕೆ ಮೂರು ನಾಲ್ಕು ಸಲ ಮಲವಿಸರ್ಜನೆ ಆಗುತ್ತದೆ.

ಪೌಚ್‌ ದೊಡ್ಡ ಕೆಲಸ. ಸಣ್ಣ ಕರುಳಿನ ತುದಿಯನ್ನು ಜೆ ಆಕಾರಕ್ಕೆ ಮಡಚಿ, 15ರಿಂದ 20 ಸೆಂ.ಮೀ. ಉದ್ದದ ಎರಡು ಮಗ್ಗುಲನ್ನು ಸ್ಟೇಪ್ಲರ್‌ನಿಂದ ಸೇರಿಸಿ ಚೀಲ ಮಾಡಿ ಗುದದ್ವಾರಕ್ಕೆ ಇಳಿಸುತ್ತಾರೆ. ಹೊಲಿಗೆ ಸೋರಿದರೆ ಸೋಂಕಾಗುತ್ತದೆಂದು ಹಲವರಿಗೆ ಎರಡು ಮೂರು ತಿಂಗಳು ಹೊಟ್ಟೆಯ ಮೇಲೆ ಸ್ಟೋಮಾ (ಮಲ ಹೊರಹೋಗುವ ಕೃತಕ ದ್ವಾರ) ಇಡುತ್ತಾರೆ. ಆಮೇಲೂ ದಿನಕ್ಕೆ ಐದಾರು ಸಲ, ರಾತ್ರಿಯೂ ಏಳಬೇಕಾಗಬಹುದು. ಸೊಂಟದ ಗೂಡಿನಲ್ಲಿ ಅಂಟು ಕಟ್ಟಿ ಅಂಡನಾಳಗಳಿಗೆ ತೊಂದರೆಯಾದರೆ ಮುಂದೆ ಗರ್ಭಧಾರಣೆ ಕಷ್ಟವಾಗಬಹುದು. 19ರ ಹುಡುಗಿಗೆ ಇದು ಸಣ್ಣ ಮಾತಲ್ಲ, ಆಕೆಯ ಎದುರಿಗೇ ಚರ್ಚೆಯಾಗಲಿ.

ನೀವು ಬರೆದಷ್ಟರ ಮೇಲೆ ಹೇಳುವುದಾದರೆ ನಮ್ಮ ಒಲವು ಗುದನಾಳ ಉಳಿಸುವ ಕಡೆಗೆ. ಆದರೆ ಜೀನ್‌ ವರದಿ ನೋಡಿಸಿ. ದೋಷ 1309ನೇ ಕೋಡಾನ್‌ನಲ್ಲಿದ್ದರೆ (ಕೋಡಾನ್‌ ಎಂದರೆ ಜೀನ್‌ನ ಸಂಕೇತದಲ್ಲಿ ಒಂದು ಸ್ಥಾನ) ಪಾಲಿಪ್‌ಗಳು ದಟ್ಟವಾಗಿ ಬರುತ್ತವೆ, ಆಗ ಪೌಚ್‌ ವಾಸಿ. 1444ರಿಂದಾಚೆ ಇದ್ದರೆ ಡೆಸ್ಮಾಯ್ಡ್‌ ಗಡ್ಡೆಯ (ದೂರಕ್ಕೆ ಹರಡದಿದ್ದರೂ ಸುತ್ತಲಿನ ಭಾಗಕ್ಕೆ ನುಗ್ಗುವ ನಾರಿನ ಗಡ್ಡೆ) ಭಯ ಹೆಚ್ಚು. ಅದು ಕರುಳನ್ನು ಹಿಡಿದಿಡುವ ಪೊರೆಯನ್ನು ಕುಗ್ಗಿಸಿದರೆ, ಮುಂದೆ ಪೌಚ್‌ ಬೇಕಾದಾಗ ಸಣ್ಣ ಕರುಳು ಕೆಳಗೆ ಎಟುಕದೇ ಹೋಗಬಹುದು.

ಉಳಿಸಿದ ಗುದನಾಳವನ್ನು 6ರಿಂದ 12 ತಿಂಗಳಿಗೊಮ್ಮೆ ಸ್ಕೋಪ್‌ ಹಾಕಿ ನೋಡಲೇಬೇಕು, ಜೀವನಪರ್ಯಂತ. ಈ ತಪಾಸಣೆ ತಪ್ಪಿಸುವವರಿಗೆ ಗುದನಾಳ ಉಳಿಸುವ ಶಸ್ತ್ರಚಿಕಿತ್ಸೆ ಹೇಳಿದ್ದಲ್ಲ. ಪೌಚ್‌ ಆದವರಿಗೂ ಬಿಡುವಿಲ್ಲ: ಸ್ಟೇಪ್ಲರ್‌ ಜೋಡಣೆಯ ಕೆಳಗೆ 1–2 ಸೆಂ.ಮೀ. ಹಳೆಯ ಒಳಪದರ ಉಳಿದಿರುತ್ತದೆ, ಅಲ್ಲೂ ಪೌಚ್‌ನೊಳಗೂ ಪಾಲಿಪ್‌ ಹುಟ್ಟುತ್ತವೆ. ಜಠರ ದಾಟಿದೊಡನೆ ಬರುವ ಸಣ್ಣ ಕರುಳಿನ ಮೊದಲ ಭಾಗ, ಡ್ಯುಯೋಡಿನಮ್‌ ಕೂಡ ಕ್ಯಾನ್ಸರ್‌ ಬರುವ ಜಾಗ. 20–25ರ ವಯಸ್ಸಿನಿಂದ ಬಾಯಿಯ ಮೂಲಕ ಎಂಡೋಸ್ಕೋಪಿ ಮಾಡಿಸುತ್ತಿರಬೇಕು.

ಬೇರೆ ಮಕ್ಕಳಿದ್ದರೆ ಪ್ರತಿಯೊಬ್ಬರಿಗೂ ಈ ದೋಷ ಬಂದಿರುವ ಸಾಧ್ಯತೆ ಶೇ. 50. ರಕ್ತದ ಜೀನ್‌ ಪರೀಕ್ಷೆ ಮಾಡಿಸಿ. ದೋಷ ಇರುವವರಿಗೆ 10–12ನೇ ವಯಸ್ಸಿನಿಂದಲೇ ಕರುಳಿನ ಸ್ಕೋಪಿ ಶುರುವಾಗಬೇಕು.