ಆಮ್ಲ, ಪ್ರತ್ಯಾಮ್ಲಕ್ಕೆ ಮೂರು ಸಿದ್ಧಾಂತ ಯಾಕೆ? ಅದರಲ್ಲಿ ಯಾವುದು ಸರಿ?

ಪಿಯುಸಿಯಲ್ಲಿ ನನಗೂ ಇದೇ ಗೊಂದಲ ಇತ್ತು. ಒಂದು ಸರಿಯಾದರೆ ಉಳಿದೆರಡು ಯಾಕೆ ಓದಬೇಕು, ಅಲ್ವಾ? ಮೂರೂ ಸರಿ. ಅದು ನನಗೆ ಅರ್ಥವಾಗಿದ್ದು ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ, ಬೋರ್ಡೋ ದ್ರಾವಣ ಕಲಸುವಾಗ.

ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಹೊಡೆಯುವ ಔಷಧಿ ಅದು. ಶೇ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ ಆಮೇಲೆ ಸೇರಿಸುತ್ತೇವೆ. ಸೇರಿಸಿದ ಮೇಲೆ ಅಪ್ಪ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಅಂತ ಲೆಕ್ಕ. ಹಾಗೇ ಹೊಡೆದರೆ ಎಲೆ ಸುಟ್ಟುಹೋಗುತ್ತದೆ.

ಒಂದು ವರ್ಷ ನಾನು ಸುಮ್ನೆ ಕುತೂಹಲಕ್ಕೆ ಬರೀ ಮೈಲುತುತ್ತದ ನೀರಿಗೆ ನೀಲಿ ಲಿಟ್ಮಸ್ ಅದ್ದಿದೆ. ಕೆಂಪಾಯಿತು, ಅಂದರೆ ಅದು ಆಮ್ಲ! ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ತಾಮ್ರದಲ್ಲೂ ಹೈಡ್ರೋಜನ್ ಇಲ್ಲ, ಸಲ್ಫೇಟಿನಲ್ಲೂ ಇಲ್ಲ. ಮತ್ತೆ ಹುಳಿ ಎಲ್ಲಿಂದ ಬಂತು?

1880ರ ದಶಕದ ಅರ್ಹೇನಿಯಸ್ ಪ್ರಕಾರ, ನೀರಿನಲ್ಲಿ ಹೈಡ್ರೋಜನ್ ಅಯಾನು (ವಿದ್ಯುದಂಶ ಇರುವ ಕಣ) ಕೊಡುವುದು ಆಮ್ಲ, ಹೈಡ್ರಾಕ್ಸೈಡ್ ಕೊಡುವುದು ಪ್ರತ್ಯಾಮ್ಲ. ಸುಣ್ಣದ ಡ್ರಮ್ಮಿಗೆ ಇದು ಸಾಕು. ಮೈಲುತುತ್ತದ ಡ್ರಮ್ಮಿಗೆ ಸಾಲದು.

ಅಲ್ಲಿ ಲೂಯಿಸ್ ಬೇಕು. ಎಲೆಕ್ಟ್ರಾನ್ ಜೋಡಿಯನ್ನು ತೆಗೆದುಕೊಳ್ಳುವುದು ಆಮ್ಲ, ಕೊಡುವುದು ಪ್ರತ್ಯಾಮ್ಲ ಅಂದರು ಅವರು. ತಾಮ್ರದ ಅಯಾನು ಸುತ್ತಲಿನ ನೀರಿನ ಅಣುಗಳ ಆಮ್ಲಜನಕದಿಂದ ಎಲೆಕ್ಟ್ರಾನ್ ಜೋಡಿ ಪಡೆದು ಅವನ್ನು ತನಗೆ ಅಂಟಿಸಿಕೊಳ್ಳುತ್ತದೆ. ಆ ಎಳೆತಕ್ಕೆ ಅಂಟಿದ ನೀರಿನ ಹೈಡ್ರೋಜನ್ ಸಡಿಲವಾಗುತ್ತದೆ. ಪಕ್ಕದ ಇನ್ನೊಂದು ನೀರಿನ ಅಣು ಅದನ್ನು ಪ್ರೋಟಾನ್ ಆಗಿ, ಅಂದರೆ ಹೈಡ್ರೋಜನ್ ಅಯಾನಾಗಿ, ಕಿತ್ತುಕೊಳ್ಳುತ್ತದೆ. ಈ ಕೊಡು-ಕೊಳ್ಳುವಿಕೆಯೇ ಬ್ರಾನ್‌ಸ್ಟೆಡ್-ಲೌರಿ ಸಿದ್ಧಾಂತ: ಪ್ರೋಟಾನ್ ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಡೆನ್ಮಾರ್ಕಿನಲ್ಲಿ ಒಬ್ಬರು, ಇಂಗ್ಲೆಂಡಿನಲ್ಲಿ ಒಬ್ಬರು, ಬೇರೆ ಬೇರೆಯಾಗಿ 1923ರಲ್ಲಿ ಹೇಳಿದ್ದು. ಲೂಯಿಸ್ ತಮ್ಮದನ್ನು ಹೇಳಿದ್ದೂ ಅದೇ ವರ್ಷ. ಆಮೇಲೆ ಸುಣ್ಣ ಸುರಿದಾಗ ಅದರ ಹೈಡ್ರಾಕ್ಸೈಡ್ ಆ ಪ್ರೋಟಾನ್‌ಗಳನ್ನು ಹಿಡಿದು ನೀರಾಗುತ್ತದೆ, ತಾಮ್ರವೂ ತಿಳಿನೀಲಿ ಗಸಿಯಾಗುತ್ತದೆ. ಒಂದೇ ಡ್ರಮ್, ಮೂರು ಸಿದ್ಧಾಂತಕ್ಕೂ ಕೆಲಸ ಇದೆ.

ಹಾಗಾಗಿ ಲೆಕ್ಕ ಬಿಡಿಸುವಾಗ ಏನು ಕೈ ಬದಲಾಯಿಸಿತು ಅಂತ ಮೊದಲು ನೋಡಿ. ಅಮೋನಿಯಾ ಅನಿಲಕ್ಕೆ ಹೈಡ್ರೋಜನ್ ಕ್ಲೋರೈಡ್ ಅನಿಲ ಸೇರಿದರೆ ಬಿಳಿ ಹೊಗೆ ಏಳುತ್ತದೆ. ಅಲ್ಲಿ ನೀರು ಬೇಕಾಗಿಲ್ಲ, ಆದರೆ ಪ್ರೋಟಾನ್ ದಾಟಿದೆ. ಅದು ಬ್ರಾನ್‌ಸ್ಟೆಡ್-ಲೌರಿ. ಅದೇ ಅಮೋನಿಯಾ ಬೋರಾನ್ ಟ್ರೈಫ್ಲೋರೈಡ್ ಜೊತೆ ಸೇರಿದಾಗ ಪ್ರೋಟಾನ್ ಅಲುಗುವುದೇ ಇಲ್ಲ, ಎಲೆಕ್ಟ್ರಾನ್ ಜೋಡಿ ಮಾತ್ರ ಹಂಚಿಕೆಯಾಗುತ್ತದೆ. ಅದು ಲೂಯಿಸ್. ಪಿಎಚ್, ಬಫರ್ ಲೆಕ್ಕಕ್ಕೆಲ್ಲ ಜಾಸ್ತಿ ಬಳಕೆಯಾಗುವುದು ಬ್ರಾನ್‌ಸ್ಟೆಡ್-ಲೌರಿಯೇ, ಅದನ್ನು ಗಟ್ಟಿ ಮಾಡಿಕೊಳ್ಳಿ.

ಮೈಲುತುತ್ತದ ಪ್ರಯೋಗ ನೀವೂ ಮಾಡಿ ನೋಡಿ. ಅಡುಗೆ ಪಾತ್ರೆ ಮಾತ್ರ ಬೇಡ, ಮೈಲುತುತ್ತ ವಿಷ.