ಊರ್ಮನೆ ನೆನಪಾದ್ರೆ ನಾವು ವೀಕಾ?

ಪ್ರಶ್ನೆ: ಶ್ರೀನಿವಾಸಪುರದ ಹತ್ರ ಹಳ್ಳಿ ನಮ್ದು, ಬೆಂಗ್ಳೂರಲ್ಲಿ ಕೆಲ್ಸ. ಆಫೀಸಲ್ಲಿ ಟೆನ್ಷನ್ ಆದ್ರೆ ಸಾಕು ಊರಿನ ಬಸ್ ಹತ್ತೋಣ ಅನ್ಸತ್ತೆ, ಫ್ರೆಂಡ್ಸ್ ನಗ್ತಾರೆ. ಅಣ್ಣ ಬೇರೆ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕ್ಸೋಣ ಅಂತಾನೆ. ನಾನು ವೀಕಾ?

ಉತ್ತರ: ಅಯ್ಯೋ, ವೀಕೂ ಇಲ್ಲ ಎಂಥದೂ ಇಲ್ಲ ಕಣಪ್ಪ. ನಿಮ್ಮ ಕೋಲಾರ ಜಿಲ್ಲೇಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ, ಬೋರ್‌ವೆಲ್ ಸಾವಿರ ಅಡಿ ಕೊರೆದ್ರೂ ಬರೀ ಧೂಳು ಬಂದಿದ್ದುಂಟು, ಆದ್ರೂ ನಿಮ್ಮೋರು ಮಾವು, ಟೊಮೇಟೊ, ರೇಷ್ಮೆ, ಹಾಲು ಅಂತ ಬದುಕು ಕಟ್ಕೊಂಡ್ರಲ್ಲ, ಆ ಮೊಂಡುತನ ನಿಂಗೂ ಬಂದಿರತ್ತೆ. (ನೀನು ಬೆಂಗ್ಳೂರಿಗೆ ಹೋದೆ, 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಪೈಪಲ್ಲಿ ಬೆಂಗ್ಳೂರಿನ ಕೊಳಚೆ ನೀರು ಶುದ್ಧಿ ಆಗಿ ಕೋಲಾರದ ಕೆರೆಗೆ ಬಂತು, ಲೆಕ್ಕ ಸರಿಹೋಯ್ತು ಬಿಡು!)

ನಮ್ದು ಚಿಂತಾಮಣಿ ಕಡೆ. ಪಿಯುಸಿ ಫೇಲಾಗಿ ಮುಖ ಊದಿಸ್ಕೊಂಡು ಅಜ್ಜಿ ಮನೆಗೆ ಹೋದಾಗ ಅಜ್ಜಿ ಏನೂ ಕೇಳ್ಲಿಲ್ಲ, ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟು ಹಿತುಕು ಅಂದ್ಲು ಅಷ್ಟೇ. ಒಂದೊಂದೇ ಕಾಳು ಪುಳಕ್ ಅಂತ ಸಿಪ್ಪೆ ಬಿಟ್ಟು ಹಾರೋದು, ಬೆರಳ ತುದಿ ಸುಕ್ಕುಗಟ್ಟಿ ಹೋಯ್ತು, ರಾತ್ರಿ ಮುದ್ದೆ, ಹಿತಕಿದ ಬೇಳೆ ಸಾರು, ಮೂರು ಮುದ್ದೆ ಇಳಿಸ್ದೆ. ವಾಪಸ್ ಬಂದು ಸಪ್ಲಿಮೆಂಟರಿಗೆ ಫೀಸ್ ಕಟ್ಟಿದೆ.

ಮನೆ ವಿಷ್ಯ? ಅಣ್ಣ ಹೇಳೋದೂ ತಪ್ಪಲ್ಲ, ಮಳೆ ಬಂದಾಗ ಸೋರೋ ಕಡೆ ಬಕೆಟ್ ಇಡೋನು ಅವ್ನು, ನೀನಲ್ಲ. ಕೆಡವೋದೇ ಆದ್ರೆ ತಲೆಬಾಗಿಲು ಗುಜರಿಗೆ ಹಾಕ್ಬೇಡಿ, ಹೊಸ ಮನೆಗೂ ಅದನ್ನೇ ಕೂರ್ಸಿ. ಖರ್ಚಲ್ಲಿ ಅರ್ಧ ನೀನೂ ಹಾಕು, ಟೆನ್ಷನ್ ಇಲ್ದಾಗ್ಲೂ ಒಂದ್ಸಲ ಬಸ್ ಹತ್ತು.