ಎಂಜಿನ್ ಇಲ್ಲದ ಗ್ಲೈಡರ್ ಮೇಲೇರುವುದು ಹೇಗೆ?

ಪ್ರಶ್ನೆ: ಎಂಜಿನ್ ಇಲ್ಲದಿದ್ದರೂ ಗ್ಲೈಡರ್ ತಾಸುಗಟ್ಟಲೆ ಹಾರುತ್ತದಂತೆ, ಹೇಗೆ?
– ಓದುಗರು, ಅಣ್ಣಿಗೇರಿ

ಉತ್ತರ: ಸುತ್ತಲಿನ ಗಾಳಿಗೆ ಹೋಲಿಸಿದರೆ ಗ್ಲೈಡರ್ ಸದಾ ಇಳಿಯುತ್ತಲೇ ಇರುತ್ತದೆ. ತರಬೇತಿಯ ಗ್ಲೈಡರ್ ಸುತ್ತು ಹೊಡೆಯುವಾಗ ಸೆಕೆಂಡಿಗೆ ಹೆಚ್ಚುಕಡಿಮೆ 1 ಮೀಟರ್ ಇಳಿಯುತ್ತದೆ. ಸುತ್ತಲಿನ ಗಾಳಿಯೇ ಸೆಕೆಂಡಿಗೆ 3 ಮೀಟರ್ ಏರುತ್ತಿದ್ದರೆ ಉಳಿಯುವ ಲಾಭ 2 ಮೀಟರ್. ನಾಲ್ಕು ನಿಮಿಷಕ್ಕೆ 480 ಮೀಟರ್ ಎತ್ತರ ಸಿಕ್ಕಿತು.

ಅಂಥ ಗಾಳಿ ನಿಮ್ಮೂರ ಹೊಲದಲ್ಲೇ ಹುಟ್ಟುತ್ತದೆ. ಏಪ್ರಿಲ್ ಮಧ್ಯಾಹ್ನ, ರಂಟೆ ಹೊಡೆದು ಬಿಟ್ಟ ಎರೆಹೊಲ ಕಾದಷ್ಟು ಪಕ್ಕದ ನೀರಾವರಿ ಹೊಲ ಕಾಯುವುದಿಲ್ಲ. ಕಾದ ನೆಲದ ಗಾಳಿ ಹಗುರಾಗಿ ಕಂಬದಂತೆ ಏಳುತ್ತದೆ. ಇದೇ ಥರ್ಮಲ್. ಧೂಳೆಬ್ಬಿಸುವ ಸುಳಿಗಾಳಿ, ರೆಕ್ಕೆ ಬಡಿಯದೆ ಸುತ್ತುವ ಹದ್ದು, ಅದರ ತುದಿಯಲ್ಲಿ ಕಟ್ಟುವ ಹತ್ತಿಯಂಥ ಮೋಡ ಅದರ ಗುರುತು. ಹದ್ದನ್ನು ನಂಬಬಹುದು, ಮೋಡ ಒಮ್ಮೊಮ್ಮೆ ಮೋಸ ಮಾಡುತ್ತದೆ: ಕರಗಲು ತೊಡಗಿದ ಮೋಡದ ಕೆಳಗೆ ಏರುಗಾಳಿ ಆಗಲೇ ಮುಗಿದಿರುತ್ತದೆ.

ಏರಿಳಿತ ತೋರಿಸುವುದು ವೇರಿಯೋಮೀಟರ್. ಯಾವ ರೆಕ್ಕೆ ತಾನಾಗಿ ಮೇಲೆದ್ದಿತೋ ಆ ಕಡೆಗೇ ತಿರುಗಬೇಕು, 35ರಿಂದ 45 ಡಿಗ್ರಿ ವಾಲಿಸಿ. ಹೊಸಬರು ಅಂಜಿ 20 ಡಿಗ್ರಿಗೇ ನಿಲ್ಲುತ್ತಾರೆ. ಸುತ್ತು ಅಗಲವಾಗಿ ಅರ್ಧ ಸುತ್ತು ಇಳಿಗಾಳಿಯಲ್ಲೇ ಕಳೆಯುತ್ತದೆ. ಇನ್ನು ಕೆಲವರು ಏರಬೇಕೆಂದು ಸ್ಟಿಕ್ (ಮೂತಿ ಏರಿಸಿ ಇಳಿಸುವ ಹಿಡಿಕೆ) ಎಳೆಯುತ್ತಾರೆ. ವೇಗ ಬಿದ್ದು ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತಿಹಿಡಿಯುವ ಬಲ ಕಳೆದುಕೊಳ್ಳುವುದು, ಹಾಗೆಯೇ. ಕ್ಯಾನೊಪಿಯ (ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ಹೊರಗೆ ಅಂಟಿಸಿದ ಉಣ್ಣೆದಾರ ನೆಟ್ಟಗಿರಲಿ. ಅದು ಎಡಕ್ಕೆ ಸರಿದರೆ ಬಲಗಾಲಿನ ಪೆಡಲ್ ಒತ್ತಿ.

ಪ್ರಶ್ನೆ: ಹುಬ್ಬಳ್ಳಿ ಮೇಲೆ 1000 ಮೀಟರ್ ಎತ್ತರದಲ್ಲಿದ್ದರೆ ಧಾರವಾಡ ಮುಟ್ಟಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಲೆಕ್ಕದಲ್ಲಿ ಹೌದು. 1 ಮೀಟರ್ ಇಳಿದರೆ 30 ಮೀಟರ್ ಮುಂದೆ ಹೋಗುವ ಗ್ಲೈಡರ್‌ಗೆ ಗಾಳಿಯಿಲ್ಲದ ದಿನ 30 ಕಿ.ಮೀ. ಸಿಗುತ್ತದೆ, ದಾರಿ ಇರುವುದು ಸುಮಾರು 20. ಆದರೆ ಗಂಟೆಗೆ 90 ಕಿ.ಮೀ. ವೇಗದಲ್ಲಿರುವಾಗ 30 ಕಿ.ಮೀ. ಎದುರುಗಾಳಿ ಬಂತೆನ್ನಿ, ನೆಲದ ಮೇಲಿನ ವೇಗ 60ಕ್ಕಿಳಿದು, ಸಿಗುವ ದೂರ 30 ಕಿ.ಮೀ. ಹೋಗಿ 20 ಆಗುತ್ತದೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲೂ ಇದೆ. ಜತೆಗೆ ಸುತ್ತಿ ಇಳಿಯಲು ಕನಿಷ್ಠ 200 ಮೀಟರ್ ಕೈಯಲ್ಲಿರಬೇಕು. ಹೀಗಾಗಿ ಹೊರಡಬೇಡಿ ಎಂದೇ ನಮ್ಮ ಸಲಹೆ. ದಾರಿಯಲ್ಲಿ ಎತ್ತರ ಸಾಲದಾದರೆ 300 ಮೀಟರ್ ಇರುವಾಗಲೇ ಹೊಲ ಆರಿಸಿಬಿಡಬೇಕು: ವಿದ್ಯುತ್ ತಂತಿ, ಅಡ್ಡ ಬದು, ನಿಂತ ಜೋಳ ಇರಬಾರದು.

ಪ್ರಶ್ನೆ: ಕಲಿಯುವುದೆಲ್ಲಿ?
– ವಿದ್ಯಾರ್ಥಿ, ಗದಗ

ಉತ್ತರ: ಪುಣೆಯ ಹಡಪ್ಸರದಲ್ಲಿ ಗ್ಲೈಡಿಂಗ್ ಸೆಂಟರ್ ಇದೆ. ತರಬೇತಿ ನಡೆಯುತ್ತಿದೆಯೇ ಎಂದು ವಿಚಾರಿಸಿಯೇ ರೈಲು ಹತ್ತಿ. ಹಾರಾಟ ಶುರುವಾಗುವುದು ಹೀಗೆ: ನೆಲದ ಮೇಲಿನ ವಿಂಚ್ ಯಂತ್ರ ಸುಮಾರು 1 ಕಿ.ಮೀ. ಉದ್ದದ ಹಗ್ಗ ಸುತ್ತಿಕೊಳ್ಳುತ್ತ ಗ್ಲೈಡರನ್ನು ಒಂದು ನಿಮಿಷದೊಳಗೆ 300–400 ಮೀಟರ್‌ಗೆ ಏರಿಸುತ್ತದೆ. ನಡುವೆ ಹಗ್ಗ ಹರಿದರೆ ಮೊದಲು ಮೂತಿ ಕೆಳಗೆ ಮಾಡಿ, ಉಳಿದ ತುಂಡು ಕಳಚಿ. ವೇಗ ಮರಳಿ ಬಂದಿದ್ದನ್ನು ವೇಗಮಾಪಕದಲ್ಲಿ ನೋಡಿದ ಮೇಲಷ್ಟೇ ತಿರುವು.